ಫ್ರೂಮಾಳ ಮಗಳು ಅಳುವುದಿಲ್ಲ

"ಇಷ್ಟಕ್ಕೇ ಅಳ್ತಾರಾ? ಗಂಡಸಾಗಿ!"

ಹೈಫಾದ ಆಸ್ಪತ್ರೆಯಲ್ಲಿ ಅಂಗೈಗೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ ಅಮ್ನೋನ್ ಒದ್ದೆಗಣ್ಣಲ್ಲೇ ತಲೆಯೆತ್ತಿದ. ಎದುರಿಗೆ ನರ್ಸ್ ಪ್ನಿನಾ. ತುಟಿಯಂಚಿನಲ್ಲಿ ತಾತ್ಸಾರ.

"ನೋವಾಗ್ತಿದೆ, ಅಳ್ತಿದೀನಿ. ನಿಮ್ಮ ಅಪ್ಪಣೆ ಬೇಕಿತ್ತಾ?"

ಎಂಥ ನಾಚಿಕೆಗೆಟ್ಟವನು... ಆದರೂ ಎಷ್ಟು ಚೆಂದ ಇದ್ದಾನೆ! ಎಂದುಕೊಂಡಳು ಪ್ನಿನಾ.

ಅಳುವಿನ ಬಗ್ಗೆ ಅವಳಾಡಿದ ಮಾತು ಅವಳದ್ದಲ್ಲ, ತಾಯಿ ಫ್ರೂಮಾಳದ್ದು. ನಾಜಿಗಳ ಸಾವಿನ ಶಿಬಿರದಿಂದ ಇಡೀ ಮನೆತನದಲ್ಲಿ ಒಬ್ಬಳೇ ಬದುಕಿ ಬಂದವಳು ಫ್ರೂಮಾ. ಮಗಳು ಮಂಡಿ ಒಡೆದುಕೊಂಡರೂ, ಜ್ವರದಲ್ಲಿ ನರಳಿದರೂ ಅವಳದ್ದು ಒಂದೇ ಮಾತು: "ಇದೂ ಒಂದು ನೋವಾ?" ಪ್ನಿನಾ ಚಿಕ್ಕಂದಿನಲ್ಲೇ ಅಳು ಬಿಟ್ಟಳು. ಅಳುವವರನ್ನು ಹೀಗಳೆಯುವುದನ್ನು ಕಲಿತಳು.

ಪರಿಚಯ ಒಲವಾಗಿ, ಅಮ್ನೋನ್ ಅವರ ಮನೆಗೆ ಬಂದಾಗ ಫ್ರೂಮಾ ಅವನ ಬ್ಯಾಂಡೇಜನ್ನೇ ದಿಟ್ಟಿಸಿದಳು.

"ಬೆಣ್ಣೇಲಿ ಮಾಡಿರೋ ಹುಡುಗ! ಬಿಸಿಲಿಗೆ ನಿಲ್ಲಿಸಬೇಡ ಕಣೇ, ಕರಗಿಹೋದಾನು!"

"ನೆರಳಲ್ಲೇ ಇರ್ತೀನಮ್ಮ," ಎಂದು ಅವನು ನಕ್ಕ.

ಮದುವೆ ಗೊತ್ತಾಯಿತು. ಅಷ್ಟರಲ್ಲಿ ಅವನ ತಂದೆ ತೀರಿಕೊಂಡರು.

ಯೆಹೂದಿ ಪದ್ಧತಿಯಂತೆ ಏಳು ದಿನದ ಸೂತಕ. ಹರಿದ ಕೊರಳಪಟ್ಟಿಯ ಅಂಗಿ ತೊಟ್ಟು, ಬರಿಗಾಲಲ್ಲಿ, ಗಿಡ್ಡ ಮಣೆಯ ಮೇಲೆ ಕೂತು ಅಮ್ನೋನ್ ಬಿಕ್ಕುತ್ತಿದ್ದ. ಪ್ನಿನಾ ಬಾಗಿಲಲ್ಲೇ ನಿಂತಳು. ಏನು ಮಾಡಬೇಕು? ತಬ್ಬಿಕೊಳ್ಳಬೇಕಾ? ತಿಳಿಯಲಿಲ್ಲ. ಬಾಯಿಗೆ ಬಂದದ್ದು ಅಭ್ಯಾಸವಾಗಿದ್ದ ಮಾತು ಮಾತ್ರ.

"ವಯಸ್ಸಾಗಿ, ಹಾಸಿಗೇಲಿ ಸತ್ತಿದಾರೆ. ಗೋರಿನೂ ಇದೆ. ಇದಕ್ಯಾಕೆ ಇಷ್ಟು ರಂಪ?"

ನೆರೆದವರೆಲ್ಲ ಅವಳತ್ತ ತಿರುಗಿದರು.

"ಹೊರಡು," ಎಂದ ಅಮ್ನೋನ್. "ನನ್ನ ಅಪ್ಪನ್ನ ತೂಗೋಕೆ ನಿಮ್ಮನೆ ತಕ್ಕಡಿ ತರಬೇಡ."

ಬೀಟ್‌ರೂಟ್ ಹೆಚ್ಚುತ್ತಿದ್ದ ತಾಯಿಗೆ ಪ್ನಿನಾ ನಡೆದದ್ದನ್ನು ಹೇಳಿದಳು.

"ಸೂತಕದ ಮನೇಲಿ ಹಾಗಂದ್ಯಾ? ಥೂ! ಹೃದಯ ಇಲ್ವೇನೇ ನಿಂಗೆ?"

"ನೀನು ಕೊಟ್ಟಿದ್ರೆ ಇರ್ತಿತ್ತು!"

ಫ್ರೂಮಾಳ ಚಾಕು ನಿಂತಿತು.

"ನನ್ನ ತಂಗಿ ಹೆಂದೆಲ್... ಅಳುಬುರುಕಿ. ಶಿಬಿರದಲ್ಲಿ ಸಾಲಲ್ಲಿ ನಿಂತಾಗ ಅತ್ಳು. ಅಳೋರನ್ನೆಲ್ಲ ಆ ಕಡೆ ನಿಲ್ಲಿಸಿದ್ರು. ಆ ಕಡೆ ಹೋದೋರು ಯಾರೂ ವಾಪಸ್ ಬರಲಿಲ್ಲ. ನೀನು ಹುಟ್ಟಿ ಮೊದಲ ಸಲ ಅತ್ತಾಗ ನನ್ನ ಕೈಕಾಲು ತಣ್ಣಗಾಯ್ತು ಕಣೇ... ನಿನ್ನನ್ನ ಈ ಕಡೆ ಉಳಿಸ್ಕೋಬೇಕಿತ್ತು."

"ಅವಳಿಗೆ ಸೂತಕ ಹಿಡಿದ್ಯಾ ಅಮ್ಮ?"

"ಸತ್ತದ್ದು ಯಾವ ದಿನ ಅಂತ ಹಿಡೀಲಿ?"

ಫ್ರೂಮಾ ಕೈಯೊರೆಸಿಕೊಂಡು ಕೋಟು ಹಾಕಿದಳು. "ನಡಿ."

ಅಮ್ನೋನ್ ಮನೆಯ ಬಾಗಿಲಲ್ಲೇ ಅವಳು ಸೂತಕದವಳಂತೆ ಶೂ ಕಳಚಿದಳು.

"ಮಗಳ ಬಾಯಿಂದ ಬಂದದ್ದು ನನ್ನ ಮಾತಪ್ಪ. ತಪ್ಪೂ ನನ್ನದೇ. ನನ್ನ ತಂಗಿಗೋಸ್ಕರ ಯಾರೂ ಸೂತಕ ಕೂತಿಲ್ಲ... ನಿನ್ನ ಪಕ್ಕ ಕೂತ್ಕೊಳ್ಲಾ?"

ಅವನು ಮಣೆ ಸರಿಸಿ ಜಾಗ ಮಾಡಿದ. ಫ್ರೂಮಾ ಕೂತಳು. ಇಪ್ಪತ್ತೈದು ವರ್ಷ ತಡವಾಗಿ, ಒಡಕು ದನಿಯಲ್ಲಿ ಅತ್ತಳು!

ಪ್ನಿನಾ ಅಮ್ನೋನ್ ಬಳಿ ಕುಸಿದು ಕೂತಳು.

"ನಂಗೆ ನೀನು ಬೇಕು ಅಮ್ನೋನ್... ಆದ್ರೆ ಹೀಗೆಲ್ಲ ಅಳೋಕೆ ಬರಲ್ಲ."

"ಬರದಿದ್ರೆ ಬೇಡ. ಇಲ್ಲೇ ಇರು."

"ಬೈದುಬಿಡು ನನ್ನ."

"ನಾಳೆ ಬೈತೀನಿ. ಇವತ್ತು ಕೈ ಕೊಡು."