ಸೋತ ರಾಜನ ಮೂಗು

“ಅಚ್ಚು ಕೊರೆಯೋನು ಅಂತ ಮನೆಯೊಳಗೆ ಬಿಟ್ಕೊಂಡೆ. ಕನ್ನ ಕೊರೆದು ಹೋದ!”

ಹಲ್ಲಿನ ಡಾಕ್ಟರು ಇದನ್ನು ಕೂಗಿ ಹೇಳಲಿಲ್ಲ. ಕೂಗಿದ್ದರೆ ಸಿಟ್ಟಿನಲ್ಲಿ ಬಂದ ಮಾತು ಎಂದು ನಾಲ್ಕು ಜನ ಮರೆಯುತ್ತಿದ್ದರೇನೋ. ರೋಗಿಯ ಬಾಯೊಳಗೆ ಇಣುಕಿ ‘ಈ ಹಲ್ಲು ಉಳಿಯಲ್ಲ’ ಎನ್ನುತ್ತಾರಲ್ಲ, ಅದೇ ದನಿ. ಅದೂ ನಾಣ್ಯ ಸಂಗ್ರಾಹಕರ ಸಂಘದ ಭಾನುವಾರದ ಸಭೆಯಲ್ಲಿ, ತುಂಬಿದ ಕೋಣೆಯಲ್ಲಿ, ಅಚ್ಚಿನವನು ಕೂತಿದ್ದ ಕುರ್ಚಿಯ ಕಡೆ ಬೆರಳು ತೋರಿಸಿ.

ಮೇಜಿನ ನೀಲಿ ಮಖಮಲ್ಲಿನ ಮೇಲೆ ಡಾಕ್ಟರ ಬೆಳ್ಳಿ ನಾಣ್ಯ ಈಗಷ್ಟೇ ಅಂಗಡಿಯಿಂದ ತಂದ ಚಮಚದಂತೆ ಹೊಳೆಯುತ್ತಿತ್ತು. ಎರಡು ಸಾವಿರ ವರ್ಷದ ನಾಣ್ಯ ಹಾಗೆ ಹೊಳೆಯಬಾರದು. ಮೊನ್ನೆಯವರೆಗೂ ಅದು ತಳ ಹಿಡಿದ ಹಾಲಿನ ಪಾತ್ರೆಯಂತೆ ಕಪ್ಪಗಿತ್ತು. ತೂಗಿದರೆ ಕೂದಲೆಳೆಯಷ್ಟು ತೂಕವೂ ಕಡಿಮೆ. ಅಸಲಿ ಎತ್ತಿಕೊಂಡು ನಕಲಿ ಇಟ್ಟಿದ್ದಾನೆ ಎಂಬುದು ಡಾಕ್ಟರ ಲೆಕ್ಕ.

“ಬೆಕ್ಕನ್ನೇ ಹಾಲಿಗೆ ಕಾವಲಿಟ್ಟ ಹಾಗಾಯ್ತಲ್ಲ ಡಾಕ್ಟ್ರೇ,” ಎಂದರು ಬ್ಯಾಂಕಿನಿಂದ ರಿಟೈರ್ ಆದವರು.

ಲಾಯರು ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು. “ಎಷ್ಟನೇ ಕ್ಲಾಸಿಗೆ ಸ್ಕೂಲು ಬಿಟ್ಟೆಯಪ್ಪಾ?”

“ಒಂಬತ್ತು.”

“ಅದೇ ನೋಡು. ಕದೀಬಾರದು ಅನ್ನೋ ಪಾಠ ಹತ್ತನೇ ಕ್ಲಾಸಲ್ಲಿತ್ತು. ತಪ್ಪಿಸ್ಕೊಂಡುಬಿಟ್ಟೆ.”

ನಗು ಗೋಡೆಯಿಂದ ಗೋಡೆಗೆ ಹೋಗಿ ಬಂತು. ಅವನ ಕಿವಿ ಕಾದ ಕಬ್ಬಿಣವಾಯಿತು.

“ನಾನು ಬದಲಾಯಿಸಿಲ್ಲ. ಇದು ಅದೇ ನಾಣ್ಯ,” ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಎದ್ದು ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಭೂತಗನ್ನಡಿ ಎತ್ತಿಕೊಂಡು ನಾಣ್ಯದ ಮೇಲೆ ಬಗ್ಗಿದ.

ಬೆಳ್ಳಿಯ ಮೈತುಂಬ ಸಣ್ಣ ಸಣ್ಣ ಸುತ್ತು ಗೀರುಗಳು. ಕೈಯಿಂದ ಉಜ್ಜಿದರೆ ಗೀರು ನೇರ ಬೀಳುತ್ತದೆ. ಹೀಗೆ ಸುತ್ತುವುದು ಯಂತ್ರಕ್ಕೆ ಸಿಕ್ಕಿಸಿದ ಪುಟ್ಟ ಬ್ರಶ್ಶು ಮಾತ್ರ. ನಾಣ್ಯದ ಮೇಲಿನ ಕುದುರೆಯ ಕಿವಿಯ ತಗ್ಗಿನಲ್ಲಿ ಒಂದಿಷ್ಟು ಗುಲಾಬಿ ಬಣ್ಣದ ಪೇಸ್ಟು ಒಣಗಿ ಕೂತಿತ್ತು. ಹಲ್ಲಿಗೆ ಪಾಲಿಶ್ ಮಾಡುವ ಪೇಸ್ಟು. ಇದೇ ಮನೆಯ ಕೆಳಗಿನ ಕ್ಲಿನಿಕ್ಕಿನದು.

ಆ ಬ್ರಶ್ಶು ಮುಟ್ಟುವವರು ಇಬ್ಬರೇ. ಒಬ್ಬರು ಎದುರಿಗೇ ನಿಂತು ಅವನನ್ನು ಕಳ್ಳ ಎನ್ನುತ್ತಿದ್ದರು. ಇನ್ನೊಬ್ಬಳು ಮೂಲೆಯಲ್ಲಿ ಸಂಘದ ನಡಾವಳಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು.

ಅವನು ತಲೆ ಎತ್ತಿ ಅವಳನ್ನು ನೋಡಿದ.

“ನಾಣ್ಯ ಹೊರಗಿದ್ದಷ್ಟು ಹೊತ್ತೂ ನೀನು ಪಕ್ಕದಲ್ಲೇ ಇದ್ದೆ,” ಡಾಕ್ಟರು ಮಗಳತ್ತ ತಿರುಗಿದರು. “ಹೇಳಮ್ಮ. ಇವನ ಕೈ ನಿನ್ನ ಕಣ್ಣು ತಪ್ಪಿಸಿತ್ತಾ?”

ಅವಳ ತುಟಿ ಬಿರಿಯಿತು. ಮುಚ್ಚಿತು. ಮತ್ತೆ ಬಿರಿಯಿತು.

“ಗೊತ್ತಿಲ್ಲ ಅಪ್ಪ.”

*

ಮೂರು ವಾರದ ಹಿಂದೆ ಅವನಿಗೆ ಅವಳು ‘ಡಾಕ್ಟ್ರ ಮಗಳು’ ಅಷ್ಟೇ. ಸಂಘಕ್ಕೆ ಐವತ್ತು ವರ್ಷ ತುಂಬುತ್ತಿತ್ತು. ಸದಸ್ಯರಿಗೆಲ್ಲ ಆ ನಾಣ್ಯದ ನಕಲನ್ನು ಪದಕ ಮಾಡಿ ಕೊಡುವುದೆಂದು ತೀರ್ಮಾನ. ಭಾವನ ವರ್ಕ್‌ಶಾಪಿನಲ್ಲಿ ಗುಂಡಿ, ಬೀಗ, ಶಾಲೆಯ ಪದಕಗಳಿಗೆ ಉಕ್ಕಿನ ಅಚ್ಚು ಕೆತ್ತುವ ಅವನಿಗೆ ಕರೆ ಬಂತು.

ಕ್ಲಿನಿಕ್ಕಿನ ಮೇಲೆ ನಾಣ್ಯದ ಕೋಣೆ. ಅಲ್ಲಿ ಮೂರು ಕಟ್ಟಳೆ. ನಾಣ್ಯ ಕೋಣೆ ದಾಟಬಾರದು. ಪೆಟ್ಟಿಗೆಯಿಂದ ಹೊರಗಿದ್ದಷ್ಟು ಹೊತ್ತು ಮಗಳು ಪಕ್ಕದಲ್ಲಿ ಕೂತಿರಬೇಕು. ಮೂರನೆಯದು ಗೋಡೆಯ ಮೇಲೆ ಕೆಂಪು ಅಕ್ಷರದಲ್ಲೇ ಇತ್ತು: ತೊಳೆಯಬೇಡಿ.

“ಯಾಕೆ ತೊಳೀಬಾರದು?” ಎಂದು ಅವನು ಕೇಳಿದ್ದ.

“ಆ ಕಪ್ಪೇ ಅದರ ವಯಸ್ಸು. ಅದನ್ನ ಉಜ್ಜಿದ್ರೆ ಅಜ್ಜಿ ಮುಖಕ್ಕೆ ಇಸ್ತ್ರಿ ಹಾಕಿದ ಹಾಗೆ.”

“ಅಂದ್ರೆ ನೀವು ನಾಣ್ಯ ಕಾಯ್ತಿದ್ದೀರೋ, ಕೊಳೆ ಕಾಯ್ತಿದ್ದೀರೋ?”

“ಸದ್ಯಕ್ಕೆ ನಿಮ್ಮನ್ನ ಕಾಯ್ತಿದ್ದೀನಿ. ಬೇಗ ಕೆತ್ತಿ.”

ಬೇಗ ಕೆತ್ತುವ ಮನಸ್ಸೇ ಆಗಲಿಲ್ಲ. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು ಇರಬೇಕು. ಬಲಕ್ಕೆ ಓಡುವ ಕುದುರೆಯನ್ನು ಎಡಕ್ಕೆ ಓಡಿಸಬೇಕು. ಅವನು ಕನ್ನಡಿ ಇಟ್ಟುಕೊಂಡು ಕೆತ್ತುತ್ತಿದ್ದ. ಒಂದು ಸಂಜೆ ಆ ಕನ್ನಡಿಯಲ್ಲಿ ಕುದುರೆಯ ಬದಲು ಅವಳ ಕಣ್ಣು ಸಿಕ್ಕಿತು. ಅವಳು ನೋಡುತ್ತಿದ್ದದ್ದು ನಾಣ್ಯವನ್ನಲ್ಲ. ಸಿಕ್ಕಿಬಿದ್ದವಳು ತಕ್ಷಣ ಗೋಡೆಯ ಗಡಿಯಾರ ನೋಡಿದಳು. ಆ ಗಡಿಯಾರ ಕೆಟ್ಟು ವರ್ಷವಾಗಿತ್ತು.

“ಎಷ್ಟು ಗಂಟೆ?” ಅವನು ಬೇಕೆಂದೇ ಕೇಳಿದ.

“ನಿಮಗ್ಯಾಕೆ? ಕೆಲಸ ನೋಡಿ.” ಕಿವಿಯವರೆಗೂ ಕೆಂಪಾಗಿದ್ದಳು.

ಇನ್ನೊಂದು ದಿನ ಅವನಿಗೆ ಕುದುರೆಯ ಹೊಟ್ಟೆಯ ಕೆಳಗೆ ಒಂದು ಉಬ್ಬು ಕಂಡಿತು. “ಇದೇನು ಗಂಟು?”

“ಗಂಟಲ್ಲ. ಮೂಗು.”

“ಕುದುರೆಗಾ?”

ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಇದು ಮೊದಲು ಬೇರೆ ರಾಜನ ನಾಣ್ಯವಂತೆ. ಅವನ ಮುಖವಿತ್ತು. ಯುದ್ಧದಲ್ಲಿ ಸೋತ. ಗೆದ್ದವನಿಗೆ ಬೆಳ್ಳಿ ಕರಗಿಸುವಷ್ಟೂ ತಾಳ್ಮೆಯಿರಲಿಲ್ಲ. ಹಳೆಯ ನಾಣ್ಯವನ್ನೇ ಕಾಯಿಸಿ ಅದರ ಮೇಲೆ ತನ್ನ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಬಡಿಸಿದ. ಕುದುರೆ ಬಂತು. ಅಡಿಯಲ್ಲಿದ್ದ ಮುಖ ಹೋಯಿತು. ಹೋದರೂ ಮೂಗು ಉಳಿಯಿತು.

“ಮುಖದ ಮೇಲೇ ಕುದುರೆ ಓಡಿಸಿದನಾ ಬಡ್ಡೀಮಗ!”

“ಎರಡು ಸಾವಿರ ವರ್ಷದ ಹಿಂದಿನ ಜಗಳ. ನಿಮಗ್ಯಾಕೆ ಇಷ್ಟು ಸಿಟ್ಟು?”

“ನನಗೆ ಎಲ್ಲಾದಕ್ಕೂ ಸಿಟ್ಟೇ. ನಮ್ಮಕ್ಕನ್ನ ಕೇಳಿ, ಹೇಳ್ತಾಳೆ.” ಅವನು ಉಳಿ ಕೆಳಗಿಟ್ಟ. “ಗೆದ್ದೋನ ಕುದುರೆ ಯಾರು ಬೇಕಾದ್ರೂ ಕೆತ್ತುತ್ತಾರೆ. ಆ ಸೋತೋನ ಮುಖ ಪೂರ್ತಿಯಾಗಿ ಒಂದೇ ಒಂದು ಸಲ ನೋಡಬೇಕು ಅನಿಸ್ತಿದೆ. ಸಾಯೋದರೊಳಗೆ.”

ಅವಳು ಬಹಳ ಹೊತ್ತು ಅವನ ಬೆರಳುಗಳನ್ನೇ ನೋಡಿದಳು. ಉಕ್ಕಿನ ಚೂರು ಚುಚ್ಚಿ ಚುಚ್ಚಿ ಕಪ್ಪು ಚುಕ್ಕೆಗಳಾಗಿದ್ದ ಬೆರಳು. ಆ ಸಂಜೆಯಿಂದ ‘ನೀವು’ ಹೋಗಿ ‘ನೀನು’ ಬಂತು. ಮೊದಲು ಅಂದವರು ಯಾರು ಎಂದು ಇಬ್ಬರಿಗೂ ನೆನಪಿಲ್ಲ.

ಗುರುವಾರ ಅಚ್ಚು ಮುಗಿಯಿತು. ಭಾನುವಾರ ‘ಗೊತ್ತಿಲ್ಲ ಅಪ್ಪ’.

*

ಸೋಮವಾರ ಅವನು ಉಳಿ ಮುಟ್ಟಲಿಲ್ಲ. ಮಂಗಳವಾರ ಒಂದು ಶಾಲೆಯ ಪದಕಕ್ಕೆ ಅಕ್ಷರಗಳನ್ನು ನೇರವಾಗಿ ಕೆತ್ತಿಬಿಟ್ಟ. ಅಚ್ಚು ಕೆತ್ತುವವನು ನೇರ ಅಕ್ಷರ ಕೆತ್ತಿದ ಎಂದರೆ ಅಡುಗೆಯವನು ಒಲೆಗೆ ನೀರು ಸುರಿದ ಹಾಗೆ.

“ಕಣ್ಣು ಎಲ್ಲಿಟ್ಟಿದ್ದೆ?” ಭಾವ ಉಕ್ಕಿನ ತುಂಡನ್ನು ಮೂಲೆಗೆ ಎಸೆದ. “ಮೊದಲೇ ಬೀಗದವನು ಆರ್ಡರ್ ವಾಪಸ್ ತಗೊಂಡ. ನಾಣ್ಯ ಕದ್ದೋನ ಕೈಲಿ ಬೀಗದ ಅಚ್ಚು ಯಾಕೆ ಮಾಡಿಸ್ಲಿ ಅಂತಾನೆ. ತಪ್ಪಾ?”

“ನಾನು ಕದ್ದಿಲ್ಲ.”

“ನನಗೆ ಹೇಳ್ಬೇಡ. ಊರಿಗೆ ಹೇಳು.”

ಊರಿಗೆ ಹೇಳುವುದು ಅವನಿಗೆ ಕಷ್ಟವೇನಿರಲಿಲ್ಲ. ನಾಣ್ಯ ಅಸಲಿ ಎಂದು ಎರಡು ನಿಮಿಷದಲ್ಲಿ ತೋರಿಸಿಕೊಡಬಲ್ಲ. ಆದರೆ ಅಸಲಿ ಎಂದಾದರೆ ಮುಂದಿನ ಪ್ರಶ್ನೆ, ತೊಳೆದದ್ದು ಯಾರು? ಬಾಯಲ್ಲಿ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಅಕ್ಕ ತಟ್ಟೆಯನ್ನು ಅವನ ಮುಂದೆ ಸರಿಸಿ, ಮುಖ ನೋಡಿದಳು. “ಕಳ್ಳ ಅಂದಿದ್ದಕ್ಕೆ ನೀನು ಹೊಡೆದಾಡ್ತಿದ್ದೆ. ಹೀಗೆ ಊಟ ಬಿಡ್ತಿರಲಿಲ್ಲ. ಯಾರೋ ಅವಳು?”

“ಯಾರೂ ಇಲ್ಲ.”

“ಸರಿ. ಆ ‘ಯಾರೂ ಇಲ್ಲ’ದವಳನ್ನ ಹೋಗಿ ಕೇಳು, ಏನು ಕೇಳ್ಬೇಕೋ. ಮನೇಲಿ ಹೀಗೆ ಬೋನಿನ ಹುಲಿ ಥರ ತಿರುಗ್ಬೇಡ.”

*

ಬುಧವಾರ ಬೆಳಗ್ಗೆ ಅವನು ಕ್ಲಿನಿಕ್ಕಿನ ಬೆಂಚಿನಲ್ಲಿ, ದವಡೆ ಊದಿಕೊಂಡ ಇಬ್ಬರ ನಡುವೆ ಕೂತ. ಅವಳು ಮೇಜಿನ ಹಿಂದೆ ಚೀಟಿ ಬರೆಯುತ್ತಿದ್ದಳು. ಅವನ ಸರದಿ ಬಂದಾಗ ತಲೆ ಎತ್ತಲಿಲ್ಲ.

“ಏನು ತೊಂದ್ರೆ?”

“ಹಲ್ಲು ನೋವು. ಮೂರು ದಿನದಿಂದ ಕಚ್ಕೊಂಡೇ ಇದ್ದೀನಿ.”

ಪೆನ್ನು ನಿಂತಿತು. “ಅಪ್ಪ ಒಳಗಿದ್ದಾರೆ.”

“ಸುತ್ತು ಗೀರು. ಗುಲಾಬಿ ಪೇಸ್ಟು. ಕುದುರೆ ಕಿವಿಯೊಳಗೆ ಇನ್ನೂ ಇದೆ, ಹೋಗಿ ನೋಡು.”

ಅವಳ ಮುಖದಿಂದ ಬಣ್ಣ ಇಳಿಯಿತು. “ಯಾವಾಗ ಗೊತ್ತಾಯ್ತು?”

“ಭಾನುವಾರಾನೇ.”

“ಮತ್ತೆ ಅಲ್ಲೇ ಹೇಳಬಹುದಿತ್ತಲ್ಲ!”

“ನೀನೂ ಹೇಳಬಹುದಿತ್ತು.”

ಒಳಗಿನಿಂದ ಯಂತ್ರ ಕೊರೆಯುವ ಸದ್ದು. ಬೆಂಚಿನಲ್ಲಿದ್ದವರು ತಮ್ಮ ದವಡೆ ಮರೆತು ಇತ್ತ ಕಿವಿ ಕೊಟ್ಟಿದ್ದರು. ಅವಳು ದನಿ ತಗ್ಗಿಸಿದಳು.

“ಬರೋ ಭಾನುವಾರ ಅಪ್ಪ ಆ ಕೋಣೆ ಕೀಲಿ ನನಗೆ ಕೊಡ್ತಾರೆ. ಎಲ್ಲರೆದುರು. ಹತ್ತು ವರ್ಷದವಳಾಗಿದ್ದಾಗಿಂದ ಕಾದಿದ್ದೀನಿ. ನಾನು ತೊಳೆದೆ ಅಂತ ಗೊತ್ತಾದ್ರೆ ನಾಣ್ಯ ಅಷ್ಟೂ ಅಣ್ಣನ ಕೈಗೆ ಹೋಗುತ್ತೆ. ಅವನು ಒಂದು ತಿಂಗಳೂ ಇಟ್ಕೊಳ್ಳಲ್ಲ, ಮಾರಿಬಿಡ್ತಾನೆ.”

“ಯಾಕೆ ತೊಳೆದೆ?”

ಅವಳು ಅವನನ್ನು ನೋಡಿದಳು. ಆಮೇಲೆ ಬೆಂಚಿನವರನ್ನು ನೋಡಿದಳು. “ಇಲ್ಲಿ ಹೇಳೋಕಾಗಲ್ಲ.”

“ಹಾಗಾದ್ರೆ ನಾನು ಕಳ್ಳ.”

“ನಾನು ಹಾಗಂದೆನಾ?”

“‘ಗೊತ್ತಿಲ್ಲ’ ಅಂದೆ. ಅವರೆಲ್ಲ ಅಂದಿದ್ದು ಒಂದು ಕಿವೀಲಿ ಹೋಯ್ತು. ನಿಂದು ಹೋಗ್ತಿಲ್ಲ.” ಅವನು ಎದ್ದ. “ನಾನಾಗಿ ಬಾಯಿ ಬಿಡಲ್ಲ. ಹೆದರ್ಬೇಡ. ಕೀಲಿ ತಗೋ, ಚೆನ್ನಾಗಿರು. ಆದ್ರೆ ಆಮೇಲೆ ದಾರೀಲಿ ಸಿಕ್ಕಿದ್ರೆ ಗುರುತು ಹಿಡೀಬೇಡ.”

“ಭಾನುವಾರ ಬಾ.”

“ಯಾಕೆ? ಇನ್ನೊಂದು ಸುತ್ತು ಉಗಿಸ್ಕೊಳ್ಳೋಕಾ?”

“ಮುಂದಿನವರು ಬನ್ನಿ!” ಒಳಗಿನಿಂದ ಡಾಕ್ಟರು ಕೂಗಿದರು. ಮುಂದಿನವನು ಅವನೇ. ಬಾಗಿಲು ತೆಗೆದು ರಸ್ತೆಗೆ ಇಳಿದುಬಿಟ್ಟ.

*

ಹೋಗಬಾರದೆಂದು ಶನಿವಾರ ರಾತ್ರಿಯವರೆಗೂ ಆಣೆ ಹಾಕಿಕೊಂಡಿದ್ದ. ಭಾನುವಾರ ಹತ್ತೂವರೆಗೆ ಕಾಲುಗಳೇ ಅವನನ್ನು ಆ ಮೆಟ್ಟಿಲು ಹತ್ತಿಸಿದವು. ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತ.

ಡಾಕ್ಟರು ಕೀಲಿ ಎತ್ತಿ ಹಿಡಿದಿದ್ದರು. “ನನ್ನ ನಂತರ ಇದನ್ನೆಲ್ಲ ಕಾಯೋಳು ಇವಳು. ಈ ಕೋಣೆಯ ಕಟ್ಟಳೆ ಒಂದು ದಿನಾನೂ ಮೀರಿದವಳಲ್ಲ. ತಗೋಮ್ಮ.”

ಚಪ್ಪಾಳೆ ಬಿತ್ತು. ಅವಳು ಕೈ ಚಾಚಲಿಲ್ಲ.

“ತೊಳೆದದ್ದು ನಾನು.”

ಚಪ್ಪಾಳೆ ಒಂದೊಂದಾಗಿ ಸತ್ತಿತು. “ಏನಂದೆ?”

“ಅದು ಅಸಲಿಯೇ ಅಪ್ಪ. ಕ್ಲಿನಿಕ್ಕಿನ ಬ್ರಶ್ಶಲ್ಲಿ ನಾನೇ ಉಜ್ಜಿದೆ. ಹೀಗೆ ಬೆಳ್ಳಗಾಗುತ್ತೆ ಅಂತ ಗೊತ್ತಿರಲಿಲ್ಲ, ಹೆದರಿ ಪೆಟ್ಟಿಗೇಲಿ ಇಟ್ಟುಬಿಟ್ಟೆ. ಮೂಗಿನ ಕೆಳಗೆ ನೋಡಿ. ಮೇಲ್ದುಟಿ ಒಂದಿಷ್ಟು ಹೊಸದಾಗಿ ಕಾಣ್ತಿದೆ. ಇವನು ಕೆತ್ತಿದ ಅಚ್ಚಲ್ಲಿ ಆ ತುಟಿ ಇಲ್ಲ. ನೋಡದೇ ಇದ್ದದ್ದನ್ನ ಯಾರು ನಕಲು ಮಾಡ್ತಾರೆ?”

ಡಾಕ್ಟರು ನಾಣ್ಯವನ್ನೂ ಅವನ ಅಚ್ಚಿನಿಂದ ಹೊಡೆದ ಪದಕವನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರು. ಎಷ್ಟು ಹೊತ್ತು ಎಂದರೆ, ಲಾಯರು ಎರಡು ಸಲ ಗಂಟಲು ಸರಿಮಾಡಿಕೊಂಡರು. ನಲವತ್ತು ವರ್ಷ ನಾಣ್ಯ ನೋಡಿದ ಮನುಷ್ಯ. ಬಣ್ಣ ನೋಡಿ ತೀರ್ಪು ಕೊಟ್ಟಿದ್ದರು, ಅಚ್ಚು ನೋಡಿರಲಿಲ್ಲ. ತಮ್ಮದೇ ಬ್ರಶ್ಶಿನ ಗೀರು ಅವರಿಗೆ ಈಗ ಕಂಡಿತು.

“ಗೋಡೆ ಮೇಲೆ ಬರೆಸಿದ್ದೆ.” ಅವರ ದನಿ ಮೊದಲ ಸಲ ನಡುಗಿತು. “ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಯಾಕೆ?”

“ಆ ಮುಖ ಪೂರ್ತಿ ನೋಡ್ಬೇಕು ಅಂತ ಇವನು ಅಂದ. ಕಪ್ಪು ಹೋದ್ರೆ ಕಾಣ್ಬಹುದು, ತೋರಿಸೋಣ ಅನಿಸ್ತು.”

“ಅಷ್ಟಕ್ಕೇ?”

“ಅಷ್ಟಕ್ಕೇ ಅಪ್ಪ.” ಅವಳು ಬಾಗಿಲ ಕಡೆ ತಿರುಗಿದಳು. ತಂದೆಗೆ ಹೇಳುತ್ತಿದ್ದವಳು, ಅವನನ್ನೇ ನೋಡುತ್ತ ಹೇಳಿದಳು. “ಬೇರೆ ಯಾರು ಕೇಳಿದ್ರೂ ನಾನು ತೊಳೀತಿರಲಿಲ್ಲ.”

ಬ್ಯಾಂಕಿನವರು ತಮ್ಮ ಬೂಟು ನೋಡಿಕೊಂಡರು. ಅವನ ಎದೆಯಲ್ಲಿ ಎಂಟು ದಿನದಿಂದ ಉರಿಯುತ್ತಿದ್ದದ್ದು ಆರಲಿಲ್ಲ. ಅದಕ್ಕೆ ಬೇರೆಯದೇ ಬಣ್ಣ ಬಂತು. ಸಿಟ್ಟೋ, ಸುಖವೋ, ಅವನಿಗೇ ತಿಳಿಯಲಿಲ್ಲ.

ಡಾಕ್ಟರು ಕೀಲಿಯನ್ನು ಮೆಲ್ಲಗೆ ತಮ್ಮ ಜೇಬಿಗೆ ಹಾಕಿಕೊಂಡರು. ಅವಳು ಅದನ್ನು ನೋಡಿದಳು. ಕಣ್ಣು ಮಿಟುಕಿಸಲಿಲ್ಲ.

“ಬಾಪ್ಪಾ, ಒಳಗೆ ಬಾ,” ಡಾಕ್ಟರು ಅವನಿಗಾಗಿ ಒಂದು ಕುರ್ಚಿ ಎಳೆದರು. “ಕೂತ್ಕೋ. ಅವತ್ತು ನೀನೂ ಭೂತಗನ್ನಡಿ ಹಿಡಿದು ನೋಡಿದೆ. ನಿನ್ನ ಕಣ್ಣಿಗೆ ಇದು ತಪ್ಪೋದಿಲ್ಲ. ಗೊತ್ತಿದ್ದೂ, ಇಷ್ಟು ಜನ ಕಳ್ಳ ಅಂತ ಅಂದ್ರೂ, ಯಾಕಯ್ಯಾ ಬಾಯಿ ಬಿಡಲಿಲ್ಲ?”

ಕೋಣೆಯ ಎಲ್ಲ ಮುಖಗಳೂ ಅವನ ಕಡೆ ತಿರುಗಿದವು. ಈಗ ಎಲ್ಲರಿಗೂ ಕೇಳಿಸಿಕೊಳ್ಳುವ ಆಸೆ. ಲಾಯರಂತೂ ಮುಂದಕ್ಕೆ ಬಗ್ಗಿದ್ದರು.

ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದು ಇವರ ಕಿವಿಗಲ್ಲ. ಇವರಿಗೆ ಹೇಳಬೇಕಾದ್ದನ್ನು ಅವನು ಎಂಟು ದಿನದ ಹಿಂದೆಯೇ ಹೇಳಿದ್ದ. ಯಾರ ಕಿವಿಯೂ ತೆರೆದಿರಲಿಲ್ಲ.

ಅವಳನ್ನು ಒಮ್ಮೆ, ತುಂಬ ಹೊತ್ತು, ಎಲ್ಲರೆದುರೇ ನೋಡಿದ. ಆಮೇಲೆ ಚೌಕಟ್ಟಿನಿಂದ ಭುಜ ತೆಗೆದು ಮೆಟ್ಟಿಲು ಇಳಿದ.

ರಸ್ತೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಕ್ಲಿನಿಕ್ಕಿನ ಬೋರ್ಡು ದಾಟುವ ಹೊತ್ತಿಗೆ ಹಿಂದೆ ಮೆಟ್ಟಿಲ ಮೇಲೆ ಯಾರೋ ಅವಸರದಲ್ಲಿ ಚಪ್ಪಲಿ ಮೆಟ್ಟಿಕೊಂಡು ಓಡಿ ಬರುವ ಸದ್ದು.

“ಅಪ್ಪನಿಗೆ ಹೇಳ್ಬೇಡ, ಬಿಡು. ನನಗಾದ್ರೂ ಹೇಳೋ! ಯಾಕೆ ಹೇಳಲಿಲ್ಲ?”

ಅವನು ತಿರುಗಲಿಲ್ಲ. ನಡೆಯುತ್ತಲೇ ಹೋದ. ಹೆಜ್ಜೆ ಮಾತ್ರ ನಿಧಾನ ಮಾಡಿದ.