ಬಾಗಿಲ ನೆತ್ತಿಯ ಬೂದಿ

ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂಲಿಯವರಿಗೂ ಅರಮನೆಯಂಥ ಮನೆ ಬೇಕು ಅಂತ ದೊಡ್ಡವರಿಗೆ ಅನ್ನಿಸಿದ ಕಾಲ ಅದು. ಆ ಮನೆಗಳ ಇಟ್ಟಿಗೆ ಕಟ್ಟಿದವನು ನಾನೇ, ಕ್ರೇಲಿಸ್. ಹೆಂಗಸರು ಹೊರಗೆ ಬಾಗಿ ಹರಟಬಾರದು ಅಂತ ನಕ್ಷೆಯ ಸಾಹೇಬರು ಕಿಟಕಿಗಳನ್ನು ಮೂಗಿನ ಮಟ್ಟಕ್ಕೆ ಇಡಿಸಿದರು. ಹರಟೆ ನಿಲ್ಲಲಿಲ್ಲ, ಇಣುಕಿ ಇಣುಕಿ ನಮ್ಮವ್ವ ಎರಡಿಂಚು ಉದ್ದವಾದಳು. ದೇವರಾಣೆ!

ಅಲ್ಲೇ ನಮಗೂ ಎರಡು ಕೋಣೆ ಸಿಕ್ಕಿತು. ಜೊತೆಗೆ ಪ್ರತಿ ಗುರುವಾರ ಮನೆಯ ಶುಚಿತನದ ತಪಾಸಣೆ.

ಬಂದವಳು ಆಲೈಡಾ. ಬಾಗಿಲ ನೆತ್ತಿಯ ಮೇಲೆ ಬೆರಳಾಡಿಸಿ ಧೂಳು ಹುಡುಕಿದಳು.

"ಹಾಸಿಗೆ ತೋರ್ಸಿ."

"ಮೊದಲ್ನೇ ಸಲಕ್ಕೇನಾ ಮೇಡಂ?"

ಅವಳ ಕಿವಿಯ ತುದಿ ಕೆಂಪಾಯಿತು. ಮುಖ ಮಾತ್ರ ಗಂಟು. ಚೀಟಿಯಲ್ಲಿ ‘ಶುಚಿ’ ಅಂತ ಬರೆದು, ಬಾಗಿಲಾಚೆ ಹೋದ ಮೇಲೆ ನಕ್ಕಳು. ಮೆಟ್ಟಿಲುದ್ದಕ್ಕೂ ಕೇಳಿಸಿತು.

ಆಮೇಲೆ ಗುರುವಾರ ಬೆಳಗ್ಗೆ ನಾನು ಎರಡು ಸಲ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಚಳಿಗಾಲ ಮುಗಿಯುವಷ್ಟರಲ್ಲಿ ‘ಮೇಡಂ’ ಹೋಗಿ ‘ಆಲೈಡಾ’ ಆಗಿತ್ತು.

"ಮದ್ವೆಯಾದ್ರೆ ನನ್ ಕೆಲ್ಸ ಹೋಗುತ್ತೆ, ಕ್ರೇಲಿಸ್."

"ಹೋಗ್ಲಿ ಬಿಡು. ನನ್ನೊಬ್ಬನ್ನೇ ತಪಾಸಣೆ ಮಾಡ್ಕೊಂಡಿರು."

"ಅಯ್ಯೋ, ಅಷ್ಟು ಕೊಳೆ ಒಬ್ಬಳ ಕೈಲಿ ಆಗುತ್ತಾ?"

ಮುಂದಿನ ಗುರುವಾರ ರಾಜೀನಾಮೆ ಕೊಡುತ್ತೇನೆ ಅಂದಳು.

ಅವಳಿಂದ ಮುಚ್ಚಿಟ್ಟದ್ದು ಒಂದೇ. ಅವ್ವ ಹುಟ್ಟಿದಾಗಿನಿಂದ ಮಲಗಿದ್ದು ಹಳೇ ಮನೆಗಳ ಗೋಡೆಯೊಳಗಿನ ಹಾಸಿಗೆ-ಗೂಡಿನಲ್ಲಿ, ಕದ ಹಾಕಿಕೊಂಡು. ಹೊಸ ಮನೆಗಳಲ್ಲಿ ಗೂಡಿಗೆ ನಿಷೇಧ; ಗಾಳಿಯಿಲ್ಲದೆ ಕ್ಷಯ ಬರುತ್ತದಂತೆ. ಬಯಲಿನಂಥ ಮಂಚದ ಮೇಲೆ ಅವ್ವನಿಗೆ ನಿದ್ದೆಯೇ ಹತ್ತಲಿಲ್ಲ. ಗೋಡೆ ಒಡೆದು ಗೂಡು ಮಾಡಿ, ಮುಂದೆ ತಟ್ಟೆಗಳ ಕಪಾಟು ನಿಲ್ಲಿಸಿದ್ದೆ. ಸಿಕ್ಕಿಬಿದ್ದರೆ ಮನೆ ಹೋಗುತ್ತದೆ ಅಂತ ಗೊತ್ತಿತ್ತು.

ಆ ಗುರುವಾರ, ಅವಳ ಕೊನೆಯ ತಪಾಸಣೆ ಆಗಬೇಕಿದ್ದ ದಿನ, ಕಪಾಟು ಕೆಮ್ಮಿತು.

ಆಲೈಡಾ ಅದನ್ನು ಸರಿಸಿ ಕದ ತೆಗೆದಳು. ಒಳಗೆ ಮೊಣಕಾಲು ಮಡಚಿ ಕೂತಿದ್ದ ಅವ್ವ, "ಬಾಗ್ಲು ಹಾಕಮ್ಮ, ಚಳಿ," ಅಂದಳು.

ಆಲೈಡಾ ಚೀಟಿ ತೆಗೆದಳು.

"ನನ್ನ ಪ್ರೀತಿಸ್ತೀಯ ತಾನೇ?" ಅಂದೆ.

"ಪ್ರೀತಿಸ್ತೀನಿ. ನನ್ ತಂಗಿ ಇಂಥ ಗೂಡಲ್ಲೇ ಕೆಮ್ಮಿ ಕೆಮ್ಮಿ ಸತ್ತಿದ್ದು." ‘ಗೂಡು ಇದೆ’ ಅಂತ ಬರೆದಳು. ರಾಜೀನಾಮೆ ಕೊಡಲಿಲ್ಲ.

ನಮ್ಮನ್ನು ಊರಾಚೆಯ ಬೇಲಿಯೊಳಗೆ ಹಾಕಿದರು; ಕೆಟ್ಟ ಬಾಡಿಗೆದಾರರನ್ನು ತಿದ್ದುವ ಜಾಗ. ಸತತ ಹತ್ತು ಗುರುವಾರ ‘ಶುಚಿ’ ಬಿದ್ದರೆ ಬಿಡುಗಡೆ, ಊರಿನ ಇನ್ನೊಂದು ತುದಿಯಲ್ಲಿ ಮನೆ, ಅಲ್ಲಿಗೆ ಬೇರೆ ಮೇಡಂ. ಇಲ್ಲಿಗೆ ಬರುವವಳು ಮಾತ್ರ ಆಲೈಡಾ. ನನ್ನ ಗುರುತೇ ಇಲ್ಲದವಳ ಹಾಗೆ, "ಹಾಸಿಗೆ ತೋರ್ಸಿ," ಅನ್ನುತ್ತಿದ್ದಳು. ಈಗ ಕಿವಿ ಕೆಂಪಾಗುತ್ತಿರಲಿಲ್ಲ.

ಒಂಬತ್ತು ‘ಶುಚಿ’ ಬಿದ್ದವು. ಹತ್ತನೆಯ ಬೆಳಗ್ಗೆ ನಾನು ಒಲೆಯ ಬೂದಿ ತಂದು ಬಾಗಿಲ ನೆತ್ತಿಗೆ ಸವರಿದೆ.

"ಮುಠ್ಠಾಳ! ಅವಳ ಮುಖ ನೋಡೋಕೆ ನಾನು ಈ ಬೇಲಿಯೊಳ್ಗೇ ಸಾಯ್ಬೇಕೇನೋ?" ಅವ್ವ ಪೊರಕೆ ಎಸೆದಳು.

ಆಲೈಡಾ ಬಂದಳು. ಬೆರಳಾಡಿಸಿದಳು. ಬೆರಳು ಕಪ್ಪಾಯಿತು. ಅದನ್ನೇ ನೋಡಿದಳು, ಆಮೇಲೆ ನನ್ನನ್ನು. ಕಿವಿಯ ತುದಿ ಕೆಂಪಾಯಿತು.

ಚೀಟಿಯಲ್ಲಿ ಬರೆದಳು: ‘ಶುಚಿ.’

"ಸುಳ್ಳು ಬರೀತಿದೀಯ!"

"ಹೂಂ. ಮೊದಲ್ನೇ ಸಲ. ಇನ್ನು ನನ್ನನ್ನ ಕಾಯ್ಬೇಡ, ಕ್ರೇಲಿಸ್. ನಾನು ಬರಲ್ಲ." ಚೀಟಿಯನ್ನು ನನ್ನ ಕೈಗಿಟ್ಟಳು. "ಅವ್ವನ್ನ ಕಿಟಕಿ ಹತ್ರ ಮಲಗ್ಸು."

ಆ ಪದದ ಪಕ್ಕದಲ್ಲಿ ಬೂದಿಯ ಬೆರಳಚ್ಚು ಬಿದ್ದಿತ್ತು, ಗೆರೆ ಗೆರೆ ಎಣಿಸಬಹುದಾದಷ್ಟು ಸ್ಪಷ್ಟವಾಗಿ. ದಾರಿಯುದ್ದಕ್ಕೂ ಒರೆಸಿಹೋಗದ ಹಾಗೆ ಟೋಪಿಯೊಳಗೆ ಇಟ್ಟುಕೊಂಡು ಹೋದೆ.

ಹೊಸ ಮನೆಯ ಮೇಡಂ ಚೀಟಿ ಇಸಿದುಕೊಂಡು ಹುಬ್ಬು ಗಂಟಿಕ್ಕಿದಳು.

"ಎಂಥಾ ಕೊಳೆ ಇದು!" ಅಂದು, ರಬ್ಬರ್ ತೆಗೆದು ಉಜ್ಜಿಬಿಟ್ಟಳು.