ಕೆಂಪು ದಾರದ ಮೊಟ್ಟೆ

“ಅದನ್ನ ತುಳೀಬೇಡಿ ಸಾಹೇಬ್ರೇ. ಕೈಲೂ ಮುಟ್ಬೇಡಿ,” ಎಂದಳು ಶೆಡ್ಡು ಗುಡಿಸುವ ಪೆನ್ಕಾ.

ಒಂದನೇ ಶೆಡ್ಡಿನ ಹೊಸ್ತಿಲ ಮೇಲೆ ಒಂದು ಮೊಟ್ಟೆ ಇತ್ತು. ಅದಕ್ಕೆ ಮೂರು ಸುತ್ತು ಕೆಂಪು ದಾರ ಬಿಗಿದು, ದಾರಕ್ಕೆ ಕರಿ ಗರಿ ಸಿಕ್ಕಿಸಿದ್ದರು. ದಿನಕ್ಕೆ ಸಾವಿರಾರು ಮೊಟ್ಟೆ ಹೊರಡುವ ಫಾರಂನಲ್ಲಿ ಒಂದೇ ಒಂದು ಮೊಟ್ಟೆಗೆ ಹೆದರಿ ಐದು ಜನ ಹಿಮದಲ್ಲಿ ನಿಂತಿದ್ದನ್ನು ಕಂಡು ಮ್ಯಾನೇಜರ್ ರುಮೆನ್ ತಾಶೆವನಿಗೆ ನಗು ಬಂತು. ಈ ಮಹಾಶಯ ರಾಜಧಾನಿ ಸೋಫಿಯಾದಿಂದ ನಮ್ಮ ದೊಬ್ರುಜಾ ಬಯಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಬಂದ ದಿನದಿಂದಲೂ ನಮ್ಮ ಜೊತೆ ಮಾತಾಡುವಾಗ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದ. ವಾಸನೆ ಅವನ ಕೋಳಿಗಳದ್ದು, ಮೂಗು ಮುಚ್ಚುತ್ತಿದ್ದದ್ದು ನಮ್ಮೆದುರು.

“ಯಾರಿಟ್ಟಿದ್ದು ಇದನ್ನ?”

“ಸ್ತೋಯ್ನಾ ಅಜ್ಜಿ ಇರ್ಬೇಕು. ಎರಡು ನಿಮಿಷ ತಾಳಿ, ಒಣ ಪೊರಕೇಲಿ ತಳ್ಕೊಂಡು ಹೋಗಿ ಸುಟ್ಬಿಡ್ತೀನಿ. ತುಳಿದವ್ನ ಕಾಲಿಗೆ ಹತ್ಕೊಳ್ಳತ್ತೆ ಅದು. ಮನೇಲಿ ಕೂಸಿದೆ ನಿಮ್ಗೆ.”

“ಹಿಕ್ಕೆ ಬಳಿಯೋರೆಲ್ಲ ನಂಗೆ ಬುದ್ಧಿ ಹೇಳೋ ಹಾಗಾಯ್ತು,” ಎಂದ ರುಮೆನ್. ಬೂಟುಗಾಲು ಎತ್ತಿ, ಎಲ್ಲರಿಗೂ ಕಾಣುವಂತೆ ನಿಧಾನವಾಗಿ, ಮೊಟ್ಟೆಯ ಮೇಲೆ ಊರಿದ.

ಒಳಗಿನಿಂದ ಕಪ್ಪು ನೀರು ಹರಿಯಿತು. ಸುಟ್ಟ ಗರಿಯ ನಾತ, ಅದರಡಿಯಲ್ಲಿ ಕೊಳೆತದ್ದರ ಸಿಹಿ ವಾಸನೆ. ಪೆನ್ಕಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಹಿಂದೆ ಸರಿದಳು.

ಸ್ತೋಯ್ನಾ ಅಜ್ಜಿಗೆ ಇವನ ಮೇಲೆ ಯಾಕಷ್ಟು ಸಿಟ್ಟು ಅಂದರೆ, ಹೇಳುತ್ತೇನೆ. ಮೊದಲು ಸತ್ತ ಕೋಳಿಗಳನ್ನು ಮುಚ್ಚಳದ ಡಬ್ಬಗಳಲ್ಲಿ ತುಂಬಿಡುತ್ತಿದ್ದರು, ಲಾರಿ ಬಂದು ಸುಡುವಲ್ಲಿಗೆ ಒಯ್ಯುತ್ತಿತ್ತು. ಗೊಬ್ಬರಕ್ಕೆ ತಾಡಪಾಲು ಹೊದಿಸುತ್ತಿದ್ದರು. ಹಿಮ ಬಿದ್ದು ಲಾರಿ ತಡವಾದಾಗ ಈ ಬುದ್ಧಿವಂತ, ಹೆಣವನ್ನೂ ಗೊಬ್ಬರವನ್ನೂ ಒಟ್ಟಿಗೆ ಊರ ಮೇಲಿನ ಕೊರಕಲಿಗೆ ಸುರಿಸಿದ. ಆ ಕೊರಕಲಿನ ನೀರು ಇಳಿಯುವುದು ಸ್ತೋಯ್ನಾಳ ಅಂಗಳಕ್ಕೆ. ಅವಳ ಹದಿನಾಲ್ಕು ಕೋಳಿ ಒಂದೇ ವಾರದಲ್ಲಿ ಕತ್ತು ತಿರುಚಿಕೊಂಡು ಸತ್ತವು. ಹುಂಜದ ಹಬ್ಬಕ್ಕೆಂದು, ಮೊಮ್ಮಗನ ಆಯಸ್ಸಿಗೆ ಹೊಸ್ತಿಲಲ್ಲಿ ಕೊಯ್ಯಲು ಸಾಕಿದ್ದ ಹುಂಜವೂ ಹೋಯಿತು. ಅವಳು ಗೇಟಿಗೆ ಬಂದು ನಿಂತಾಗ ಇವನು ಹೇಳಿದ ಮಾತನ್ನು ನಮ್ಮೂರು ಇನ್ನೂ ಮರೆತಿಲ್ಲ.

“ಹದಿನಾಲ್ಕು ತಾನೆ ಅಜ್ಜಿ? ಮೊಟ್ಟೆ ಇಡೋದು ಬಿಟ್ಟ ಮುದಿ ಕೋಳಿ ಕಳಿಸ್ತೀನಿ, ಸಾರು ಮಾಡ್ಕೊ.”

“ನನ್ನ ಅಂಗಳಕ್ಕೆ ನೀನು ಕಳಿಸಿದ್ದನ್ನ ನಿನ್ನ ಮನೆಗೆ ನೀನೇ ಹೊತ್ಕೊಂಡು ಹೋಗ್ತೀಯ,” ಎಂದಿದ್ದಳು ಅವಳು.

ಪ್ರತಿ ಶೆಡ್ಡಿನ ಬಾಗಿಲಲ್ಲೂ ಬೂಟು ಅದ್ದಲು ಔಷಧಿ ನೀರಿನ ತೊಟ್ಟಿ ಇದೆ, ಪ್ರತಿ ಶೆಡ್ಡಿಗೂ ಬೇರೆ ಬೂಟು ಇದೆ. ಮೊಟ್ಟೆ ತುಳಿದ ದಿನ ತೊಟ್ಟಿಗಳು ಹೆಪ್ಪುಗಟ್ಟಿದ್ದವು. ಪೆನ್ಕಾ ಬಿಸಿನೀರು ತರುತ್ತೇನೆಂದರೂ ಕೇಳದೆ ರುಮೆನ್ ಅದೇ ಬೂಟಿನಲ್ಲಿ ಮೂರೂ ಶೆಡ್ಡು ಸುತ್ತಿದ, ಅದೇ ಬೂಟಿನಲ್ಲಿ ಊಟಕ್ಕೆ ಮನೆಗೂ ಹೋದ. ಹೆಂಡತಿ ಇಲೀನಾ ಅಡುಗೆಮನೆಯಲ್ಲಿದ್ದಳು. ಹತ್ತು ತಿಂಗಳ ಆಸೆನ್ ನೆಲದ ಮೇಲೆ ಅಂಬೆಗಾಲಿಡುತ್ತಿದ್ದ.

ಮೂರನೇ ದಿನ ಒಂದನೇ ಶೆಡ್ಡಿನಲ್ಲಿ ಕೋಳಿಗಳು ಸತ್ತು ಬಿದ್ದಿದ್ದವು. ಚೆಲ್ಲಾಪಿಲ್ಲಿಯಾಗಿ ಅಲ್ಲ, ಅವನು ನಡೆದ ದಾರಿಯುದ್ದಕ್ಕೂ ಹೆಜ್ಜೆಗೊಂದರಂತೆ. ಜುಟ್ಟು ನೀಲಿಗಟ್ಟಿತ್ತು. ನಾಲ್ಕನೇ ದಿನ ಎರಡನೇ ಶೆಡ್ಡು.

“ಮೇಲಿನವ್ರಿಗೆ ಫೋನ್ ಮಾಡಿ ಸಾಹೇಬ್ರೇ,” ಎಂದಳು ಪೆನ್ಕಾ.

“ಬಾಯ್ಮುಚ್ಕೊಂಡು ಕೊರಕಲಿಗೆ ಎಸಿ.”

ಐದನೇ ದಿನ ಮಧ್ಯಾಹ್ನ ಅವನೊಬ್ಬನೇ ಮೂರನೇ ಶೆಡ್ಡಿಗೆ ಹೋದ. ಒಳಗೆ ಹೋಗುತ್ತಲೇ ಕರೆಂಟು ಹೋಯಿತು. ಕಿಟಕಿಯಿಲ್ಲದ ಶೆಡ್ಡು, ಹೊರಗೆ ಬಿಸಿಲಿದ್ದರೂ ಒಳಗೆ ಕಗ್ಗತ್ತಲು. ಅಮೋನಿಯದ ಘಾಟಿಗೆ ಕಣ್ಣು ಉರಿಯಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಅದುರಿತು. ಇಲೀನಾ.

“ರೀ, ಈಗ ಮನೆಗೆ ಬಂದು ಹೋದ್ರಾ?”

“ಇಲ್ವಲ್ಲ. ಯಾಕೆ?”

“ನೆಲದ ಮೇಲೆ ನಿಮ್ಮ ಬೂಟಿನ ಗುರುತು. ಕಪ್ಪಗೆ. ಒರೆಸಿದ್ರೆ ಮತ್ತೆ ಮೂಡತ್ತೆ. ನಿನ್ನೆ ಬಾಗಿಲ ಹತ್ರ ಇತ್ತು, ಇವತ್ತು ತೊಟ್ಟಿಲ ಹತ್ರ ಬಂದಿದೆ. ಮಗು ಮೈ ಸುಡ್ತಿದೆ ರೀ.”

ಶೆಡ್ಡಿನ ಆ ತುದಿಯಲ್ಲಿ ಕೋಳಿಗಳ ಕೊಕ್ಕೊಕ್ಕೋ ನಿಂತುಹೋಯಿತು. ನಡುವಿನ ಕೋಳಿಗಳೂ ಸುಮ್ಮನಾದವು. ಹಿಕ್ಕೆಯ ಮೇಲೆ ಒದ್ದೆ ಸಪ್ಪಳ. ಒಂದು ಹೆಜ್ಜೆ. ಇನ್ನೊಂದು. ತನ್ನದೇ ನಡಿಗೆ. ಎಡಗಾಲು ಚೂರು ಎಳೆಯುವ ನಡಿಗೆ. ಅವನು ನಿಂತ. ಅದು ನಿಲ್ಲಲಿಲ್ಲ. ಬಾಗಿಲಿಗೆ ಓಡಿದ. ಸುಟ್ಟ ಗರಿಯ ನಾತ ಕುತ್ತಿಗೆಗೆ ತಾಗಿತು. ಚಿಲಕ ಸಿಗಲಿಲ್ಲ. ಸಿಕ್ಕಿತು. ಬೆಳಕು.

ಬೂಟು ಕಿತ್ತೆಸೆದು, ಹಿಮದಲ್ಲಿ ಬರಿಗಾಲಲ್ಲೇ ಸ್ತೋಯ್ನಾಳ ಮನೆಗೆ ಓಡಿದ ನಮ್ಮ ಮ್ಯಾನೇಜರ್ ಸಾಹೇಬ. ನಾವು ಬೇಲಿ ಪಕ್ಕ ನಿಂತು ನೋಡಿದೆವು. ಅಯ್ಯೋ ಅನಿಸಿತು ಎಂದರೆ ಸುಳ್ಳಾದೀತು.

“ಅಜ್ಜಿ, ತಪ್ಪಾಯ್ತು. ಮಗು ಏನು ಮಾಡಿತ್ತು?”

ಅಜ್ಜಿ ಅವನ ಮುಖ ನೋಡದೆ ಬೀನ್ಸು ಸುಲಿಯುತ್ತಿದ್ದಳು. “ನನ್ನ ಮೊಮ್ಮಗ ಏನು ಮಾಡಿದ್ದ, ಅವನ ಆಯಸ್ಸಿನ ಹುಂಜ ಸಾಯೋಕೆ? ಕೊರಕಲಿಗೆ ಎಸೆದಿದ್ದನ್ನೆಲ್ಲ ನೀನೇ ಬಾಚಿ ಸುಣ್ಣದ ಗುಂಡಿಗೆ ಹಾಕು. ಆಗ ಅದು ಕೂಸನ್ನ ಬಿಟ್ಟು ನಿನ್ ಹತ್ರ ವಾಪಸ್ ಬರತ್ತೆ. ಬಂದ್ಮೇಲೆ ನಿನ್ನ ಬಿಡಲ್ಲ. ನಿನ್ನ ಮನೆ ಹೊಸ್ತಿಲು ನೀನಿನ್ನು ದಾಟೋ ಹಾಗಿಲ್ಲ.”

ಅಂದೇ ಅವನೇ ಮೇಲಿನವರಿಗೆ ಫೋನು ಮಾಡಿದ. ಪಶುವೈದ್ಯ ಇಲಾಖೆಯ ಬಿಳಿ ಬಟ್ಟೆಯವರು ಬಂದು ಉಳಿದ ಕೋಳಿಗಳನ್ನೆಲ್ಲ ಕೊಂದು ಸುಟ್ಟರು. ಕೊರಕಲನ್ನು ಮಾತ್ರ, ಅವರು ಬೇಡವೆಂದರೂ ಕೇಳದೆ, ಅವನೇ ಬಾಚಿದ. ಕೊನೆಯ ಬುಟ್ಟಿ ಸುಣ್ಣಕ್ಕೆ ಬಿದ್ದ ಸಂಜೆ ಆಸೆನ್‌ನ ಜ್ವರ ಇಳಿಯಿತು. ತೊಟ್ಟಿಲ ಬಳಿಯ ಕಪ್ಪು ಗುರುತು ಒಂದೊಂದೇ ಹೆಜ್ಜೆ ಹಿಂದೆ ಸರಿದು ಬಾಗಿಲಿನಿಂದ ಹೊರಗೆ ಹೋದದ್ದನ್ನು ಇಲೀನಾ ಕಣ್ಣಾರೆ ಕಂಡಳು.

ಈಗ ಅವನು ಸುಣ್ಣದ ಗುಂಡಿಯ ಪಕ್ಕದ ಕಾವಲು ಗುಡಿಸಲಿನಲ್ಲಿದ್ದಾನೆ. ಎಷ್ಟು ತೊಳೆದರೂ ಕಾಲಿನ ನಾತ ಹೋಗಿಲ್ಲ. ಭಾನುವಾರ ಇಲೀನಾ ಮಗನನ್ನು ಗೇಟಿಗೆ ಕರೆತರುತ್ತಾಳೆ, ಸುಣ್ಣದ ಗೆರೆಯಾಚೆ ನಿಲ್ಲಿಸುತ್ತಾಳೆ. ಆಸೆನ್‌ಗೆ ಈಗ ಮೂರು ವರ್ಷ. ಅಮ್ಮ ಕಲಿಸಿಕೊಟ್ಟಿದ್ದಾಳೆ. ಅವನು ಪುಟ್ಟ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡು ಅಪ್ಪನನ್ನು ನೋಡುತ್ತಾನೆ.